ಒಳಗಿನ ಒಂದು ಹೆಬ್ಬೆರಳು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನಮ್ಮ ಅಮ್ಮನನ್ನು ಹಾಸನದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಕಾಲಿಗೆ ಆಪರೇಷನ್ ಆಗಿತ್ತು. ರಾತ್ರಿ ಹೊತ್ತು ಅವರ ಜೊತೆ ನಾನೇ ಇರುತ್ತಿದ್ದೆ. "ಅವರನ್ನ ಮುಟ್ಟೋ ಮೊದಲು ಕೈ ತೊಳ್ಕೊಳ್ಳಿ, ಚೆನ್ನಾಗಿ ಒರೆಸ್ಕೊಳ್ಳಿ" ಅಂತ ಸಿಸ್ಟರ್ ಮೊದಲ ದಿನವೇ ಹೇಳಿದ್ದರು. ವಾರ್ಡಿನ ಬಾಗಿಲ ಪಕ್ಕ ಒಂದು ಸಿಂಕ್. ಅದರ ಮೇಲೆ ಗೋಡೆಗೆ ಹೊಡೆದ ಒಂದು ಕಪ್ಪು ಪೆಟ್ಟಿಗೆ. ಕೆಳಗೆ ಕೈ ಒಡ್ಡಿದರೆ ಸಾಕು, ಒಂದು ತುಂಡು ಟಿಶ್ಯೂ ತಾನಾಗಿಯೇ ಇಳಿದು ಬರುತ್ತದೆ. ದೊಡ್ಡ ಹೋಟೆಲುಗಳಲ್ಲಿ ನೀವೂ ನೋಡಿರುತ್ತೀರಿ.

ಒಂದು ದಿನ ರಾತ್ರಿ ಎರಡು ಗಂಟೆಗೆ ಅಮ್ಮ ನೀರು ಕೇಳಿದರು. ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದೆ. ಪೆಟ್ಟಿಗೆಯ ಕೆಳಗೆ ಕೈ ಒಡ್ಡಿದೆ. ಒಳಗೆ ಮೋಟರ್ ಗುರ್ ಅಂತ ತಿರುಗಿತು. ಹಸಿರು ದೀಪ ಹತ್ತಿತು. ಕಾಗದ ಮಾತ್ರ ಬರಲಿಲ್ಲ. ಇನ್ನೊಂದು ಸಲ ಒಡ್ಡಿದೆ. ಮತ್ತೆ ಗುರ್, ಮತ್ತೆ ಹಸಿರು ದೀಪ. ಮೂರನೇ ಸಲಕ್ಕೆ ಸಾಕಾಗಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ. ಬೆಳಗ್ಗೆಯಿಂದ ಬಸ್ ಸೀಟು, ಮೆಡಿಕಲ್ ಶಾಪಿನ ಕಟ್ಟೆ, ಎಲ್ಲ ಕಡೆ ಕೂತೆದ್ದ ಪ್ಯಾಂಟು ಅದು. ಹಾಗಾದರೆ ಸೋಪು ಹಾಕಿ ತೊಳೆದು ಏನು ಬಂತು?

ವಿಶ್ವ ಆರೋಗ್ಯ ಸಂಸ್ಥೆ ಕೈ ತೊಳೆಯುವ ಕೆಲಸಕ್ಕೆ 40ರಿಂದ 60 ಸೆಕೆಂಡ್ ಬೇಕು ಅನ್ನುತ್ತದೆ. ಒರೆಸುವುದೂ ಅದರಲ್ಲೇ ಸೇರಿದೆ. ಒಂದೇ ಸಲ ಬಳಸಿ ಬಿಸಾಡುವ ಟವೆಲ್ಲಿನಲ್ಲಿ ಒರೆಸಿ, ಅದೇ ಟವೆಲ್ ಹಿಡಿದು ನಲ್ಲಿ ಮುಚ್ಚಿ ಅನ್ನುತ್ತದೆ. ಒಣಗಿದ ಕೈಗಿಂತ ಒದ್ದೆ ಕೈಯಿಂದ ರೋಗಾಣು ಜಾಸ್ತಿ ದಾಟುತ್ತದೆ. ಅಂದರೆ ಆ ಕಾಗದ ಶೋಕಿಗೆ ಇಟ್ಟಿದ್ದಲ್ಲ. ಅದಿಲ್ಲದಿದ್ದರೆ ಕೈ ತೊಳೆದದ್ದು ಅರ್ಧ ಕೆಲಸ.

ನನ್ನ ಕಸುಬು ರಿಪೇರಿ. ಮೊದಲು ಟೇಪ್ ರೆಕಾರ್ಡರ್, ವಿಸಿಆರ್ ಮಾಡುತ್ತಿದ್ದೆ. ಈಗ ತೂಕದ ಯಂತ್ರ, ಬಿಲ್ಲಿಂಗ್ ಮೆಷಿನ್. ಹಾಗಾಗಿ ಆ ಹಸಿರು ದೀಪ ನನ್ನನ್ನು ಮಲಗಲು ಬಿಡಲಿಲ್ಲ. ಕಾಗದ ಮುಗಿಯುವುದು ತಪ್ಪಲ್ಲ, ಮುಗಿಯಲೇಬೇಕು. ಮುಗಿದ ಮೇಲೂ ಇದೆ ಇದೆ ಅಂತ ದೀಪ ಉರಿಯುತ್ತಲ್ಲ, ಅದು ತಪ್ಪು.

ಬೆಳಗ್ಗೆ ಹೌಸ್‌ಕೀಪಿಂಗ್ ಅಕ್ಕ ಬಂದರು. ಬೀಗದ ಕೈ ಅವರ ಹತ್ತಿರ ಇತ್ತು. ಮುಚ್ಚಳ ತೆಗೆದರೆ ಒಳಗೆ ಬರೀ ರಟ್ಟಿನ ಕೊಳವೆ. ಅಕ್ಕನ ಮುಖ ಸಣ್ಣಗಾಯಿತು. "ಈಗ ಬಯ್ತಾರೆ ಅಣ್ಣ. ಖಾಲಿ ಆದ್ರೂ ನನಗೇ ಬಯ್ಯೋದು, ಇನ್ನೂ ಸ್ವಲ್ಪ ಇದ್ದಾಗ ಬದಲಾಯಿಸಿದ್ರೆ ವೇಸ್ಟ್ ಮಾಡ್ತೀಯ ಅಂತ ಅದಕ್ಕೂ ನನಗೇ ಬಯ್ಯೋದು" ಅಂದರು.

ಹಾಗಾದರೆ ಯಾವಾಗ ಬದಲಾಯಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಅವರು ಹೊಸ ರೋಲನ್ನು ಎದೆಗೆ ಒರಗಿಸಿಕೊಂಡು, ಅದರ ಬದಿಯ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಇಟ್ಟು ತೋರಿಸಿದರು. ಹೊರಗಿನ ಅಂಚಿನಿಂದ ಕೊಳವೆಯವರೆಗೆ ಸರಿಯಾಗಿ ನಾಲ್ಕು ಹೆಬ್ಬೆರಳು. "ಮೇಲಿನ ಒಂದು ಹೆಬ್ಬೆರಳು ಇಡೀ ದಿನ ಬರುತ್ತೆ ಅಣ್ಣ. ಒಳಗಿನ ಒಂದು ಹೆಬ್ಬೆರಳು ಬೆಳಗ್ಗೆ ಶುರುವಾದ್ರೆ ತಿಂಡಿ ಮುಗಿಯೋ ಹೊತ್ತಿಗೆ ಖಾಲಿ."

ಕೇಳುಗರೇ, ಈ ಮಾತಿಗೆ ನಾನು ಮನೆಗೆ ಹೋಗಿ ಲೆಕ್ಕ ಹಾಕಿದೆ. ರೋಲಿನ ಅಡ್ಡಳತೆ 20 ಸೆಂಟಿಮೀಟರ್. ಒಳಗಿನ ಕೊಳವೆ 4 ಸೆಂಟಿಮೀಟರ್. ಒಂದು ಹೆಬ್ಬೆರಳು ಅಂದರೆ 2 ಸೆಂಟಿಮೀಟರ್ ಇಟ್ಟುಕೊಳ್ಳಿ. ಇಡೀ ಕಾಗದವನ್ನು 24 ಪಾಲು ಮಾಡಿದರೆ, ಹೊರಗಿನ ಹೆಬ್ಬೆರಳಿನಲ್ಲಿ 9 ಪಾಲು ಇರುತ್ತದೆ. ಅದರ ಒಳಗಿನದರಲ್ಲಿ 7. ಅದರ ಒಳಗೆ 5. ಕೊಳವೆಗೆ ತಾಗಿದ ಕೊನೆಯ ಹೆಬ್ಬೆರಳಿನಲ್ಲಿ ಬರೀ 3. ಚಾಪೆ ಸುತ್ತುವಾಗ ನೋಡಿ, ಮೊದಲ ಸುತ್ತಿಗೆ ಒಂದು ಗೇಣು ಚಾಪೆ ಸಾಕು, ಕೊನೆಯ ಸುತ್ತಿಗೆ ಒಂದು ಮೊಳ ಬೇಕು. ಅದೇ ಲೆಕ್ಕ ಇದು. ಕಾಗದದ ದಪ್ಪ 0.15 ಮಿಲಿಮೀಟರ್ ಆದರೆ ಇಡೀ ರೋಲಿನಲ್ಲಿ ಸುಮಾರು 200 ಮೀಟರ್ ಇರುತ್ತದೆ. ಮೇಲಿನ ಹೆಬ್ಬೆರಳಿನಲ್ಲಿ 75 ಮೀಟರ್, ಒಳಗಿನ ಹೆಬ್ಬೆರಳಿನಲ್ಲಿ 25 ಮೀಟರ್. ಒಂದು ಸಲಕ್ಕೆ 30 ಸೆಂಟಿಮೀಟರ್ ಬಂದರೆ ಮೇಲಿನದು 250 ಸಲ, ಒಳಗಿನದು 80 ಸಲ ಚಿಲ್ಲರೆ. ಅಕ್ಕ ಹೇಳಿದ್ದು ಅಂಗುಲ ತಪ್ಪದೆ ಸರಿ. ರೋಲನ್ನು ನೋಡಿ "ಅರ್ಧ ಇದೆ" ಅಂದುಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಅಡ್ಡಳತೆ ಅರ್ಧ ಆಗುವ ಹೊತ್ತಿಗೆ ಕಾಗದ ಕಾಲು ಭಾಗಕ್ಕಿಂತ ಕಡಿಮೆಯಾಗಿರುತ್ತದೆ.

ಇನ್ನು ಯಂತ್ರಕ್ಕೆ ಇದು ಗೊತ್ತಾಗುವುದು ಹೇಗೆ? ಹಲವು ದಾರಿ ಇವೆ. ಒಂದು, ರೋಲಿನ ಬೆನ್ನಿಗೆ ಒರಗಿದ ಸ್ಪ್ರಿಂಗ್ ತೋಳು. ರೋಲು ಸಣ್ಣದಾದ ಹಾಗೆ ತೋಳು ಒಳಗೆ ಬರುತ್ತದೆ, ಒಂದು ಹಂತದಲ್ಲಿ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ತುಂಬಾ ನಂಬಿಕಸ್ಥ. ಇನ್ನೊಂದು, ಎಷ್ಟು ಸಲ ಕಾಗದ ಬಂತು ಅಂತ ಎಣಿಸುವುದು. ಕೇಳಲು ಚೆನ್ನಾಗಿದೆ. ಆದರೆ ಹೊಸ ರೋಲು ಹಾಕಿದಾಗ ಎಣಿಕೆಯನ್ನು ಮತ್ತೆ ಸೊನ್ನೆಗೆ ತರಬೇಕು. ಕೆಲಸದ ಗಡಿಬಿಡಿಯಲ್ಲಿ ಆ ಗುಂಡಿ ಒತ್ತಲು ಮರೆತರೆ ಅವತ್ತಿನಿಂದ ಲೆಕ್ಕವೆಲ್ಲ ಸುಳ್ಳು. ರೋಲನ್ನು ತೂಗಬಹುದು, ಮೋಟರ್ ಎಳೆಯುವ ಕರೆಂಟ್ ಅಳೆಯಬಹುದು. ಕಾಗದ ಇಲ್ಲದಿದ್ದರೆ ಮೋಟರಿಗೆ ಭಾರವಿಲ್ಲ, ಕರೆಂಟ್ ಇಳಿಯುತ್ತದೆ. ಆದರೆ ಅದು ಗೊತ್ತಾಗುವುದು ಕಾಗದ ಮುಗಿದ ಮೇಲೆ. ರಾತ್ರಿ ಎರಡು ಗಂಟೆಗೆ ಒದ್ದೆ ಕೈಯಲ್ಲಿ ನಿಂತವನಿಗೆ ಅದರಿಂದ ಪ್ರಯೋಜನ ಇಲ್ಲ.

ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ಹಳೆಯ ಸ್ಪೂಲ್ ಟೇಪ್ ನೋಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ಆಕಾಶವಾಣಿಯಲ್ಲಿ ಎಷ್ಟೋ ವರ್ಷ ಕಾರ್ಯಕ್ರಮಗಳೆಲ್ಲ ಸ್ಪೂಲಿನ ಮೇಲೇ ಓಡಿದವು. ತುಂಬಿದ ಸ್ಪೂಲು ನಿಧಾನವಾಗಿ ತಿರುಗುತ್ತದೆ. ಟೇಪ್ ಕಡಿಮೆಯಾದ ಹಾಗೆ ಅದೇ ಸ್ಪೂಲು ಜೋರಾಗಿ ತಿರುಗುತ್ತದೆ. ಟ್ರ್ಯಾಕ್ಟರ್ ನೋಡಿ, ಮುಂದಿನ ಸಣ್ಣ ಚಕ್ರ, ಹಿಂದಿನ ದೊಡ್ಡ ಚಕ್ರ. ಇಬ್ಬರಿಗೂ ದಾರಿ ಒಂದೇ, ಆದರೆ ಸಣ್ಣದಕ್ಕೆ ಸುತ್ತು ಜಾಸ್ತಿ. ಟಿಶ್ಯೂ ರೋಲೂ ಹಾಗೇ. 30 ಸೆಂಟಿಮೀಟರ್ ಕಾಗದ ಕೊಡಲು ತುಂಬಿದ ರೋಲು ಅರ್ಧ ಸುತ್ತೂ ತಿರುಗುವುದಿಲ್ಲ. ಮುಗಿಯುತ್ತಾ ಬಂದ ರೋಲು ಹೆಚ್ಚುಕಡಿಮೆ ಎರಡು ಸುತ್ತು ಹಾಕುತ್ತದೆ. ಕೊಳವೆ ಕೂರುವ ಬಿಲ್ಲೆಗೆ ಸಣ್ಣ ಅಯಸ್ಕಾಂತಗಳನ್ನು ಅಂಟಿಸಿ, ಎದುರಿಗೆ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಪುಟ್ಟ ಭಾಗ, ಇಟ್ಟರೆ ಸುತ್ತು ಎಣಿಸಬಹುದು. ಎಡ್ವಿನ್ ಹಾಲ್ ಅನ್ನುವವರು 1879ರಲ್ಲಿ ಕಂಡುಹಿಡಿದ ತತ್ವ ಅದು. ಇವತ್ತು ಎಲೆಕ್ಟ್ರಿಕ್ ಸ್ಕೂಟರಿನ ಎಕ್ಸಲೇಟರ್ ಒಳಗೂ ಅದೇ ಇದೆ. ಇದರಲ್ಲಿ ಸೊನ್ನೆಗೆ ತರುವ ಗುಂಡಿಯೇ ಬೇಡ. ಅರ್ಧ ಖಾಲಿಯಾದ ರೋಲು ತಂದು ಹಾಕಿದರೂ, ಎರಡು ತುಂಡು ಎಳೆದರೆ ಸಾಕು, ಎಷ್ಟು ಉಳಿದಿದೆ ಅಂತ ಯಂತ್ರಕ್ಕೆ ತಿಳಿಯುತ್ತದೆ.

ಆ ನರ್ಸಿಂಗ್ ಹೋಮಿನ ಪೆಟ್ಟಿಗೆಯಲ್ಲಿ ಇದ್ದದ್ದು ಬೆಳಕಿನ ಸೆನ್ಸರ್. ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು, ಟಿವಿ ರಿಮೋಟಿನಲ್ಲಿ ಇರುವಂಥದ್ದೇ. ಒಂದು ಸಣ್ಣ ಬಲ್ಬು ಬೆಳಕು ಬಿಡುತ್ತದೆ. ಎದುರಿಗೆ ಬಿಳಿ ಕಾಗದ ಇದ್ದರೆ ಬೆಳಕು ವಾಪಸ್ ಬರುತ್ತದೆ. ಕಾಗದ ಇಲ್ಲದಿದ್ದರೆ ಪೆಟ್ಟಿಗೆಯ ಆಚೆ ಕಡೆಯ ಕಪ್ಪು ಗೋಡೆ ಅದನ್ನು ನುಂಗುತ್ತದೆ. ವಿಸಿಆರ್ ರಿಪೇರಿ ಮಾಡುವಾಗ ಇದರ ಅಣ್ಣನನ್ನು ದಿನಾ ನೋಡುತ್ತಿದ್ದೆ. ವಿಎಚ್‌ಎಸ್ ಕ್ಯಾಸೆಟ್ಟಿನ ಟೇಪಿಗೆ ತುದಿಯಲ್ಲಿ ಪಾರದರ್ಶಕ ತುಂಡು ಇರುತ್ತಿತ್ತು. ಅದು ಬಂದ ಕೂಡಲೇ ಬೆಳಕು ತೂರಿ ಹೋಗಿ ಯಂತ್ರ ನಿಲ್ಲುತ್ತಿತ್ತು.

ಹಾಗಾದರೆ ಇಲ್ಲಿ ಯಾಕೆ ಸುಳ್ಳು ಹೇಳಿತು? ಟಾರ್ಚ್ ಬಿಟ್ಟು ನೋಡಿದೆ. ಸೆನ್ಸರಿನ ಕಣ್ಣು ಬದಿಯ ತಟ್ಟೆಯಲ್ಲಿ, ಕೊಳವೆಗೆ ತೀರಾ ಹತ್ತಿರ ಇತ್ತು. ಕಾಗದದ ಭಾರ ಹೋದ ಮೇಲೆ ಕೊಳವೆ ಬಿಲ್ಲೆಯ ಮೇಲೆ ಸಡಿಲವಾಗಿ ವಾಲಿಕೊಂಡಿತ್ತು. ಅದರ ಕಂದು ಅಂಚು ನೇರವಾಗಿ ಸೆನ್ಸರಿನ ಮುಂದೆ ಬಂದು ನಿಂತಿತ್ತು. ನಮ್ಮ ಕಣ್ಣಿಗೆ ರಟ್ಟು ಕಂದು, ಕಾಗದ ಬಿಳಿ. ಇನ್ಫ್ರಾರೆಡ್ ಕಣ್ಣಿಗೆ ಆ ವ್ಯತ್ಯಾಸ ಅಷ್ಟಾಗಿ ಇಲ್ಲ. ರಟ್ಟೂ ಬೆಳಕನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ. ಜೇಬಿನಲ್ಲಿದ್ದ ಕಪ್ಪು ಇನ್ಸುಲೇಷನ್ ಟೇಪನ್ನು ಕೊಳವೆಯ ಅಂಚಿಗೆ ಸುತ್ತಿದೆ. ತಕ್ಷಣ ಕೆಂಪು ದೀಪ! ಅಕ್ಕ ಬಗ್ಗಿ ನೋಡಿದರು. "ಹಂಗಾದ್ರೆ ನನ್ನ ತಪ್ಪಲ್ಲ ಅಲ್ವಾ ಅಣ್ಣ?" ಅಂದರು. ಖಂಡಿತ ಅಲ್ಲ ಅಕ್ಕ ಅಂದೆ. ಆ ಮಾತನ್ನು ಮ್ಯಾನೇಜರ್ ಹತ್ತಿರವೂ ಹೋಗಿ ಹೇಳಿದೆ.

ಟೇಪ್ ಸುತ್ತುವುದು ಪರಿಹಾರ ಅಲ್ಲ. ಪ್ರತಿ ಹೊಸ ರೋಲಿಗೂ ಹೊಸ ಕೊಳವೆ ಬರುತ್ತದೆ. ಮ್ಯಾನೇಜರ್ ಒಪ್ಪಿಗೆ ಪಡೆದು, ಅದೇ ತಟ್ಟೆಯಲ್ಲಿ ಕೊಳವೆಯಿಂದ ಒಂದು ಹೆಬ್ಬೆರಳು ಆಚೆಗೆ ಹೊಸ ತೂತು ಕೊರೆದೆ. ಸೆನ್ಸರನ್ನು ಅಲ್ಲಿಗೆ ಎತ್ತಿ ಕೂರಿಸಿದೆ. ಈಗ ಆ ಕಣ್ಣಿಗೆ ಕೊಳವೆ ಕಾಣುವುದೇ ಇಲ್ಲ. ರೋಲಿನ ಬದಿ ಕಾಣುವವರೆಗೆ ಹಸಿರು. ರೋಲು ಸವೆದು ಕೊನೆಯ ಹೆಬ್ಬೆರಳಿಗೆ ಬಂತು ಅಂದರೆ ಕೆಂಪು. ಆಗಲೂ ಒಳಗೆ 25 ಮೀಟರ್ ಕಾಗದ ಇದೆ. 80 ಜನ ಕೈ ಒರೆಸಬಹುದು. ಖಾಲಿಯಾಗಿದೆ ಅಂತ ಹೇಳಬೇಕಿದ್ದ ದೀಪ ಈಗ ಖಾಲಿಯಾಗುತ್ತಿದೆ ಅನ್ನುತ್ತದೆ. ಅಕ್ಕನಿಗೆ ಬೇಕಾಗಿದ್ದದ್ದು ಇದು.

ಇಂಥದ್ದನ್ನು ನೀವೇ ಮಾಡಿಸುವುದಾದರೆ ಎರಡು ಮೂರು ಮಾತು. ಸೆನ್ಸರ್ ಬಲ್ಬನ್ನು ಸುಮ್ನೆ ಯಾವಾಗಲೂ ಉರಿಸಬೇಡಿ. 20 ಮಿಲಿಆಂಪ್ ಎಳೆಯುವ ಬಲ್ಬು ದಿನವೆಲ್ಲ ಉರಿದರೆ, 12,000 ಮಿಲಿಆಂಪ್ ಗಂಟೆಯ ದೊಡ್ಡ ಸೆಲ್ಲೂ 25 ದಿನಕ್ಕೆ ಮುಗಿಯುತ್ತದೆ. ಕಾಗದ ಎಳೆದಾಗ ಮಾತ್ರ ಒಂದು ಕ್ಷಣ ಮಿನುಗಿಸಿ ನೋಡಿದರೆ ಸಾಕು. ಬಲ್ಬು ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಅಳೆದು ಕಳೆಯಬೇಕು. ಆಗ ಕಿಟಕಿಯಿಂದ ಬೀಳುವ ಬಿಸಿಲು ಲೆಕ್ಕ ಕೆಡಿಸುವುದಿಲ್ಲ. ಸತತ ಮೂರು ಸಲ ಕಾಗದ ಕಾಣದಿದ್ದರೆ ಮಾತ್ರ ಕೆಂಪು ದೀಪ ಹತ್ತಲಿ. ರೋಲು ಅತ್ತಿತ್ತ ಅಲ್ಲಾಡುತ್ತದೆ, ಒಂದೇ ನೋಟವನ್ನು ನಂಬಬಾರದು. ಬಲ್ಬು ಬದುಕಿದೆಯೋ ಇಲ್ಲವೋ ಅಂತ ನೋಡಲು ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಎಷ್ಟೋ ಫೋನುಗಳಲ್ಲಿ ಆ ಬೆಳಕು ಮಸುಕು ನೇರಳೆಯಾಗಿ ಕಾಣುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇ, ಹೋಟೆಲಿನವರು ಕೇಳುತ್ತಿದ್ದರೆ ನಿಮಗೆ ಬೇರೆಯೇ ಮಾತು. ನಿಮ್ಮಲ್ಲಿ ಜೂನ್, ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ಕಾಗದ ತೇವ ಹೀರಿ ಉಬ್ಬುತ್ತದೆ. ಸೆನ್ಸರಿನ ಗಾಜಿನ ಮೇಲೆ ಹಬೆ ಕೂರುತ್ತದೆ. ಅದರ ಜೊತೆ ಕಾಗದದ ದೂಳು. ಒಂದು ಕಡೆ ಬಲ್ಬು, ಎದುರು ಕಡೆ ಕಣ್ಣು, ನಡುವೆ ಕಾಗದ ಅಡ್ಡ ಬರುವಂಥ ಸೆನ್ಸರ್ ಅಲ್ಲಿ ಬೇಡ. ದೂಳು ಅಡ್ಡ ಬಂದರೂ ಅದು ಕಾಗದ ಇದೆ ಅಂದುಕೊಳ್ಳುತ್ತದೆ. ಇದ್ದಾಗ ಇಲ್ಲ ಅಂದರೆ ಒಬ್ಬರು ಬಂದು ನೋಡಿ ಹೋಗುತ್ತಾರೆ, ಅಷ್ಟೇ. ಇಲ್ಲದಾಗ ಇದೆ ಅಂದರೆ ಯಾರೂ ಬರುವುದೇ ಇಲ್ಲ. ನನ್ನನ್ನು ಕೇಳಿದರೆ ನಿಮಗೆ ಸ್ಪ್ರಿಂಗ್ ತೋಳೇ ಒಳ್ಳೆಯದು. ಅದಕ್ಕೂ ದುಡ್ಡಿಲ್ಲ ಅಂದರೆ ಮುಚ್ಚಳದ ಬದಿಯಲ್ಲಿ ಒಂದು ಉದ್ದ ಸೀಳು ಬಿಟ್ಟು, ಕೊನೆಯ ಹೆಬ್ಬೆರಳಿನ ಜಾಗದಲ್ಲಿ ಕೆಂಪು ಪೇಂಟಿನಲ್ಲಿ ಗೆರೆ ಎಳೆಯಿರಿ. ಅಂಗಡಿಯ ಬಿಲ್ ರೋಲಿನಲ್ಲಿ ಕೊನೆಕೊನೆಗೆ ಗುಲಾಬಿ ಗೆರೆ ಬರುತ್ತಲ್ಲ, ಅದಕ್ಕೆ ಕರೆಂಟೂ ಬೇಡ, ಸೆಲ್ಲೂ ಬೇಡ. ಆದರೂ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಮಿಕ್ಕ ಕಾಗದ ವೇಸ್ಟ್ ಆಗುತ್ತದೆ ಅನ್ನುವ ಮಾತೂ ಇದೆ. ಕೆಂಪು ದೀಪ ಬಂದ ರೋಲನ್ನು ತೆಗೆದು ಎಸೆಯಬೇಕಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ಹಳೆಯ ರೋಲನ್ನು ಕೆಳಗೆ ಇಳಿಸಿ ಮೇಲೆ ಹೊಸದನ್ನು ಹಾಕುವ ಜಾಗ ಇರುತ್ತದೆ. ಹಳೆಯದರ ಬಾಲ ದಾಟಿದ ಕೂಡಲೇ ಒಂದು ಸಣ್ಣ ತೋಳು ಹೊಸದರ ತುದಿಯನ್ನು ಉರುಳೆಗೆ ತಳ್ಳುತ್ತದೆ. ಕೊನೆಯ ತುಂಡೂ ಉಪಯೋಗಕ್ಕೆ ಬರುತ್ತದೆ. ಆ ಜಾಗ ಇಲ್ಲದ ಕಡೆ ಮಿಕ್ಕ ರೋಲನ್ನು ಅಡುಗೆಮನೆಗೋ ಲ್ಯಾಬಿಗೋ ಕೊಟ್ಟುಬಿಡಿ.

ಅಮ್ಮ ಈಗ ಕೋಲು ಹಿಡಿದು ಓಡಾಡುತ್ತಿದ್ದಾರೆ. ಹೋದ ವಾರ ಅವರನ್ನು ಚೆಕಪ್ಪಿಗೆ ಕರೆದುಕೊಂಡು ಹೋಗಿದ್ದೆ. ಅದೇ ಅಕ್ಕ ಸಿಕ್ಕಿದರು. ನನ್ನ ಕೈ ಹಿಡಿದು ಕಾರಿಡಾರಿನ ಉದ್ದಕ್ಕೂ ಕರೆದುಕೊಂಡು ಹೋದರು. ಅಲ್ಲಿ ಇನ್ನೂ ಆರು ಪೆಟ್ಟಿಗೆ ಇವೆ. ಒಂದೊಂದೇ ಮುಚ್ಚಳ ತೆಗೆದು ತೋರಿಸಿದರು. ಆರರಲ್ಲೂ ಬದಿಯ ತಟ್ಟೆಯ ಮೇಲೆ, ಕೊಳವೆಯಿಂದ ಸರಿಯಾಗಿ ಒಂದು ಹೆಬ್ಬೆರಳು ಆಚೆಗೆ, ಸೀಮೆಸುಣ್ಣದಲ್ಲಿ ಚುಕ್ಕೆ ಇಟ್ಟಿದ್ದರು. ಮ್ಯಾನೇಜರ್ ಹತ್ತಿರ ಅವರೇ ಮಾತಾಡಿದ್ದಾರಂತೆ. ಬರುವ ಭಾನುವಾರ ಡ್ರಿಲ್ ತೆಗೆದುಕೊಂಡು ಹೋಗುತ್ತಿದ್ದೇನೆ.

ನಮಸ್ಕಾರ.