ಹದಿನಾರು ಹೆಸರು, ಮೂವತ್ತು ಕೆಲಸ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ತಾನೇ? ಸರಿ.

2026ರ ಆಗಸ್ಟ್‌ನಲ್ಲಿ ನೆದರ್ಲ್ಯಾಂಡ್ಸ್, ಬೆಲ್ಜಿಯಂಗಳಲ್ಲಿ ಹಾಕಿ ವಿಶ್ವಕಪ್. ಅದು ಮುಗಿದು ಮೂರು ವಾರ ಕಳೆಯುವಷ್ಟರಲ್ಲಿ ಜಪಾನಿನಲ್ಲಿ ಏಷ್ಯನ್ ಗೇಮ್ಸ್. ಅಂದರೆ ಭಾರತ ತಂಡದ ಆಯ್ಕೆ ಪಟ್ಟಿಯ ಜಗಳ ಒಂದೇ ವರ್ಷದಲ್ಲಿ ಎರಡು ಸಲ. ಪಟ್ಟಿ ಹೊರಬಿದ್ದ ಅರ್ಧ ಗಂಟೆಯಲ್ಲಿ ವಾಟ್ಸಾಪ್ ಗುಂಪುಗಳಲ್ಲಿ ಏನು ಬರುತ್ತದೆ ನಿಮಗೆ ಗೊತ್ತು: "ಅವನನ್ನು ಯಾಕೆ ಬಿಟ್ಟರು?" ಆಯ್ಕೆಯಾದವನನ್ನು ಯಾವ ಕೆಲಸಕ್ಕೆ ತೆಗೆದುಕೊಂಡರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನನ್ನ ತಕರಾರು ಇದೊಂದೇ. ಹೆಸರು ಎಣಿಸುವುದನ್ನು ಬಿಟ್ಟು ಕೆಲಸ ಎಣಿಸಿ.

ಪ್ಯಾರಿಸ್ ಪಟ್ಟಿಯಿಂದಲೇ ಶುರು ಮಾಡೋಣ. ಒಲಿಂಪಿಕ್ಸ್‌ಗೆ 16 ಮಂದಿ. 2024ರಲ್ಲಿ ಭಾರತ ಹಂಚಿಕೊಂಡದ್ದು ಹೀಗೆ: ಒಬ್ಬ ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಐವರು ಫಾರ್ವರ್ಡ್. ಕಾಗದದ ಮೇಲೆ ರಂಗೋಲಿ ಚುಕ್ಕಿಯಷ್ಟು ಅಚ್ಚುಕಟ್ಟು. ಹೊರಗೆ ಮೂವರು ಮೀಸಲು: ಕೀಪರ್ ಕೃಷನ್ ಪಾಠಕ್, ನೀಲಕಂಠ ಶರ್ಮಾ, ಜುಗ್ರಾಜ್ ಸಿಂಗ್. ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅನ್ನುತ್ತೇವಲ್ಲ, ಮೀಸಲು ಆಟಗಾರರದ್ದು ಅದರ ತಿರುವುಮುರುವು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈಗ ಆಗಸ್ಟ್ 4ರ ಕ್ವಾರ್ಟರ್‌ಫೈನಲ್. ಎದುರಾಳಿ ಗ್ರೇಟ್ ಬ್ರಿಟನ್. ಕಥೆ ನಿಮಗೆಲ್ಲ ಗೊತ್ತಿರುವುದೇ, ಆದರೂ ಹೇಳುತ್ತೇನೆ, ಹೇಳದೆ ಇರಲಾಗುವುದಿಲ್ಲ. 17ನೇ ನಿಮಿಷ. ಚೆಂಡು ಒಯ್ಯುತ್ತಿದ್ದ ಅಮಿತ್ ರೋಹಿದಾಸ್ ಅವರ ಸ್ಟಿಕ್ ವಿಲ್ ಕಾಲ್ನನ್ ಅವರ ಮುಖಕ್ಕೆ ತಗುಲಿತು. ವಿಡಿಯೊ ನೋಡಿ ಅಂಪೈರ್ ರೆಡ್ ಕಾರ್ಡ್ ಕೊಟ್ಟರು. ಹಾಕಿಯಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಹೊರಗೆ. ಕೆಂಪಿಗೆ ವಾಪಸ್ ಬರುವ ಮಾತೇ ಇಲ್ಲ. ಉಳಿದ 43 ನಿಮಿಷ ಹತ್ತೇ ಮಂದಿ. 22ನೇ ನಿಮಿಷಕ್ಕೆ ನಮ್ಮ ನಾಯಕ ಹರ್ಮನ್‌ಪ್ರೀತ್ ಗೋಲು, 27ಕ್ಕೆ ಲೀ ಮಾರ್ಟನ್ ಸಮ ಮಾಡಿದರು. ಆಮೇಲೆ ಒತ್ತಡವೋ ಒತ್ತಡ. ಮಿಡ್‌ಫೀಲ್ಡರ್ ಎಂದು ಪಟ್ಟಿಯಲ್ಲಿ ಬರೆದಿದ್ದ ಮನ್‌ಪ್ರೀತ್ ಸಿಂಗ್ ಹಿಂದೆ ಸರಿದು ಡಿಫೆನ್ಸ್ ಕಾಯ್ದರು. ಇಲ್ಲಿ ಸ್ವಲ್ಪ ನಿಲ್ಲಿ. ಮನ್‌ಪ್ರೀತ್ ಅವರಿಗೆ ಆ ಎರಡನೇ ಕೆಲಸ ಬಾರದಿದ್ದರೆ ಆ ದಿನ 1–1ರಲ್ಲಿ ನಿಲ್ಲುತ್ತಿತ್ತೇ? ಶೂಟೌಟ್‌ನಲ್ಲಿ ಗೋಲು ಹಾಕಿದ ನಾಲ್ವರನ್ನು ನೋಡಿ: ಹರ್ಮನ್‌ಪ್ರೀತ್ ಡಿಫೆಂಡರ್, ಸುಖ್‌ಜೀತ್ ಮತ್ತು ಲಲಿತ್ ಫಾರ್ವರ್ಡ್, ರಾಜ್‌ಕುಮಾರ್ ಪಾಲ್ ಮಿಡ್‌ಫೀಲ್ಡರ್. 23 ಮೀಟರ್ ಗೆರೆಯಿಂದ ಎಂಟು ಸೆಕೆಂಡಿನಲ್ಲಿ ಕೀಪರನ್ನು ದಾಟುವುದು ಬೇರೆಯೇ ವಿದ್ಯೆ. ಅದನ್ನು ಬಲ್ಲ ಐವರು ಹದಿನಾರರೊಳಗೇ ಇರಬೇಕು. 4–2. ಗೆದ್ದೆವು.

ಕಥೆಯ ಅರ್ಧ ಇಷ್ಟು. ಇನ್ನರ್ಧವನ್ನು ಸಂಭ್ರಮದಲ್ಲಿ ಮರೆತುಬಿಡುತ್ತೇವೆ. ರೋಹಿದಾಸ್ ಅವರಿಗೆ ಒಂದು ಪಂದ್ಯದ ನಿಷೇಧ ಬಿತ್ತು, ಮೇಲ್ಮನವಿಯೂ ಬಿದ್ದುಹೋಯಿತು. ಅಮಾನತಾದವನ ಜಾಗಕ್ಕೆ ಮೀಸಲು ಆಟಗಾರನನ್ನು ತರುವಂತಿಲ್ಲ. ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ನಾವು ಇಳಿದದ್ದು 15 ಮಂದಿ ಇಟ್ಟುಕೊಂಡು. ಒಬ್ಬ ಕಡಿಮೆಯಾದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ: ಕೀಪರ್ ಬಿಟ್ಟು ಅಂಗಳದಲ್ಲಿ ಹತ್ತು ಮಂದಿ, 60 ನಿಮಿಷ, ಒಟ್ಟು 600 ನಿಮಿಷದ ದುಡಿಮೆ. 15 ಮಂದಿಗೆ ಹಂಚಿದರೆ ತಲೆಗೆ 40 ನಿಮಿಷ, 14 ಮಂದಿಗಾದರೆ 43ರ ಹತ್ತಿರ. ಮೂರು ನಿಮಿಷದ ವ್ಯತ್ಯಾಸ ತಾನೇ? ಹೆಸರು ಎಣಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಕೆಲಸ ಎಣಿಸಿದರೆ ಬೇರೆ ಚಿತ್ರ ಕಾಣುತ್ತದೆ. ರೋಹಿದಾಸ್ ನಮ್ಮ ಫಸ್ಟ್ ರಷರ್. ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ನಮ್ಮ ತಪ್ಪಿಗೆ ಗೋಲಿನ ಹತ್ತಿರದಿಂದ ಹೊಡೆಯುವ ಅವಕಾಶ, ಸಿಕ್ಕಾಗ ಗೋಲ್‌ಲೈನಿನಿಂದ ಮೊದಲು ನುಗ್ಗಿ, ಬರುವ ಚೆಂಡಿನ ದಾರಿಗೆ ಮೈಯೊಡ್ಡುವ ಆಸಾಮಿ. ಜೊತೆಗೆ ನಮ್ಮ ಎರಡನೇ ಸಾಲಿನ ಡ್ರ್ಯಾಗ್ ಫ್ಲಿಕ್ಕರ್, ಅಂದರೆ ನಮಗೆ ಸಿಕ್ಕ ಕಾರ್ನರಿನಲ್ಲಿ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವವರು, ಜೊತೆಗೆ ಡಿಫೆಂಡರ್. ಒಂದು ಹೆಸರು ಹೊಡೆದರೆ ಮೂರು ಕೆಲಸ ಖಾಲಿ. ಆ ಪಂದ್ಯದಲ್ಲಿ ಜರ್ಮನಿಯ ಮೊದಲ ಗೋಲು ಬಂದದ್ದು ಗೊಂಜಾಲೊ ಪೆಯ್ಯಾಟ್ ಅವರ ಪೆನಾಲ್ಟಿ ಕಾರ್ನರಿನಿಂದ. ರೋಹಿದಾಸ್ ಇದ್ದಿದ್ದರೆ ತಡೆದೇ ಬಿಡುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ತಡೆಯಬೇಕಾದ ಜಾಗಕ್ಕೆ ಓಡುವವರು ಬೇರೆಯವರಾಗಿದ್ದರು, ಅಷ್ಟೇ. ಸೋತದ್ದು 2–3.

ಪೆನಾಲ್ಟಿ ಕಾರ್ನರ್ ಮಾತು ಬಂದಿದ್ದರಿಂದ ಆಯ್ಕೆಯನ್ನು ಅತಿ ಹೆಚ್ಚು ಕಾಡುವ ನಿಯಮವೊಂದನ್ನು ಹೇಳಿಬಿಡುತ್ತೇನೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಆದರೆ ಪಿಸಿ, ಅಂದರೆ ಪೆನಾಲ್ಟಿ ಕಾರ್ನರ್, ಘೋಷಣೆಯಾದ ಕ್ಷಣದಿಂದ ಅದು ಮುಗಿಯುವವರೆಗೆ ಬದಲಾವಣೆ ಬಂದ್. ರಕ್ಷಿಸುವ ತಂಡದ ಕೀಪರ್ ಗಾಯಗೊಂಡರೆ ಅಥವಾ ಅಮಾನತಾದರೆ ಮಾತ್ರ ವಿನಾಯಿತಿ. ಪಿಸಿ ಸಿಕ್ಕಿತು, ಫ್ಲಿಕ್ಕರ್ ಬೆಂಚಿನಲ್ಲಿ ನೀರು ಕುಡಿಯುತ್ತ ಕೂತಿದ್ದಾನೆ ಅಂದರೆ ಅವನು ಅಲ್ಲೇ ಕೂತು ಚಪ್ಪಾಳೆ ತಟ್ಟಬೇಕು. ಮುಖ್ಯ ಫ್ಲಿಕ್ಕರ್ 40 ನಿಮಿಷ ಆಡಿದರೆ ಉಳಿದ 20 ನಿಮಿಷಕ್ಕೆ ಇನ್ನೊಬ್ಬ ಬೇಕು. ಚೆಂಡು ತಳ್ಳುವ ಇಂಜೆಕ್ಟರ್ ಇಬ್ಬರು, ನಿಲ್ಲಿಸುವ ಸ್ಟಾಪರ್ ಇಬ್ಬರು. ಯಾವ ನಿಮಿಷದಲ್ಲಿ ನೋಡಿದರೂ ಮೂರು ಕೆಲಸಕ್ಕೂ ತಲಾ ಒಬ್ಬನಾದರೂ ಅಂಗಳದಲ್ಲಿ ಇರುವಂತೆ ಬದಲಾವಣೆಯ ಸರದಿ ಹೆಣೆಯಬೇಕು. ಒಬ್ಬೊಬ್ಬರಿಗೂ ಒಂದೊಂದೇ ಕೆಲಸ ಎಂದು ಹೊರಟರೆ ಹದಿನಾರು ಜಾಗ ಎಲ್ಲಿ ಸಾಲುತ್ತದೆ?

ಇಂಜೆಕ್ಟರ್ ಅಂದರೆ ಸುಮ್ಮನೆ ತಳ್ಳುವವನು ಎಂದು ಬಹಳ ಮಂದಿಯ ಅಂದಾಜು. ಅವನು ನಿಲ್ಲುವುದು ಬ್ಯಾಕ್‌ಲೈನಿನ ಮೇಲೆ, ಗೋಲುಕಂಬದಿಂದ 10 ಮೀಟರ್ ದೂರದ ಗುರುತಿನಲ್ಲಿ. ಗೋಲಿನ ಮುಂದಿನ ಸರ್ಕಲ್ಲಿನ ತುದಿ ಬ್ಯಾಕ್‌ಲೈನಿನಿಂದ 14.63 ಮೀಟರ್. ಓರೆಯಾಗಿ ಅಳೆದರೆ ಚೆಂಡು 18–19 ಮೀಟರ್ ಹೋಗಬೇಕು, ನೆಲ ಕಚ್ಚಿಕೊಂಡು, ಸ್ಟಾಪರ್ ಸ್ಟಿಕ್ ಇಟ್ಟ ಜಾಗಕ್ಕೇ. ಒಂದು ಗೇಣು ಆಚೀಚೆ ಆಯಿತೋ, ಸ್ಟಾಪರ್ ಸ್ಟಿಕ್ ಎಳೆದು ನಿಲ್ಲಿಸಬೇಕು, ಅಷ್ಟರಲ್ಲಿ ಫ್ಲಿಕ್ಕರನ ಹೆಜ್ಜೆ ತಪ್ಪಿರುತ್ತದೆ. ಚೆಂಡು ಪುಟಿದರಂತೂ ಮುಗಿಯಿತು, ಎದುರಿನ ರಷರ್ ಅಷ್ಟರಲ್ಲಿ ಮೈಮೇಲೆ ಬಂದಿರುತ್ತಾನೆ. ಟಿವಿಯಲ್ಲಿ "ಫ್ಲಿಕ್ ದುರ್ಬಲವಾಯಿತು" ಅನ್ನುತ್ತಾರೆ. ಕೆಟ್ಟದ್ದು ಮೊದಲ ತಳ್ಳಿನಲ್ಲೇ. ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್ 10 ಗೋಲು ಹೊಡೆದರು, ಟೂರ್ನಿಗೇ ಹೆಚ್ಚು. ಚೆಂಡು ತಳ್ಳಿಕೊಟ್ಟವರು ಯಾರು ಎಂದು ಈ ಸಭಾಂಗಣದಲ್ಲಿ ಎಷ್ಟು ಮಂದಿಗೆ ಹೇಳಲಾದೀತು? ಕೈ ಎತ್ತಬೇಡಿ, ಬೇಡ.

ಬೆಂಚಿನ ಬೆಲೆ ಹಿರಿಯರಿಗೆ ಗೊತ್ತಿತ್ತು. 1975, ಕೌಲಾಲಂಪುರ, ವಿಶ್ವಕಪ್ ಸೆಮಿಫೈನಲ್. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದ ತಂಡ. ಮಲೇಷ್ಯಾ 2–1 ಮುಂದೆ, ಸಮಯ ಮುಗಿಯುತ್ತ ಬಂದಿದೆ. ಮೈಕೆಲ್ ಕಿಂಡೊ ಬದಲು ಅಸ್ಲಂ ಶೇರ್ ಖಾನ್ ಅವರನ್ನು ಇಳಿಸಿದರು. ಪೆನಾಲ್ಟಿ ಕಾರ್ನರ್. ಕೊರಳಿನ ತಾಯಿತಕ್ಕೆ ಮುತ್ತಿಟ್ಟು ಹೊಡೆದರು, 2–2. ಹೆಚ್ಚುವರಿ ಸಮಯದಲ್ಲಿ ಹರ್‌ಚರಣ್ ಸಿಂಗ್ ಗೋಲು, ಆಮೇಲೆ ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 2–1. ತಾಯಿತದ ಕಥೆ ಎಲ್ಲರ ಬಾಯಲ್ಲೂ ಇದೆ. ಪಿಸಿ ಹೊಡೆಯಬಲ್ಲ ಇನ್ನೊಬ್ಬನನ್ನು ಬೆಂಚಿನಲ್ಲಿ ಇಟ್ಟುಕೊಂಡಿದ್ದರು ಎಂಬುದು ತಾಯಿತದ ನೆರಳಿನಲ್ಲಿ ಮರೆಯಾಗಿದೆ.

ಟೋಕಿಯೊದ್ದು ಇನ್ನೂ ಚೆನ್ನ. ಕೋವಿಡ್ ಕಾರಣಕ್ಕೆ ಆ ಒಂದು ಒಲಿಂಪಿಕ್ಸ್‌ನಲ್ಲಿ 18 ಮಂದಿಯಿಂದ ಪಂದ್ಯ ಪಂದ್ಯಕ್ಕೂ 16 ಆರಿಸಿಕೊಳ್ಳಲು ಬಿಟ್ಟರು. ಮೊದಲ 16ರಲ್ಲಿ ಇಲ್ಲದ ಸಿಮ್ರನ್‌ಜೀತ್ ಸಿಂಗ್ ಹಾಗೆ ಒಳಗೆ ಬಂದರು. ಜರ್ಮನಿ ವಿರುದ್ಧ 1–3 ಹಿಂದಿದ್ದು 5–4ರಲ್ಲಿ ಗೆದ್ದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಅವರದ್ದೇ. ಒಲಿಂಪಿಕ್ ಪದಕದ 41 ವರ್ಷದ ಬರ ನೀಗಿಸಿದ ಪಂದ್ಯದ ಐದರಲ್ಲಿ ಎರಡು ಗೋಲು ಮೀಸಲು ಪಟ್ಟಿಯಿಂದ ಬಂದವರ ಸ್ಟಿಕ್ಕಿನಿಂದ! ನಿಯಮ ಬದಲಾಗದಿದ್ದರೆ ಅವರು ಟಿವಿ ಮುಂದೆ ಕೂತಿರುತ್ತಿದ್ದರು.

ಇನ್ನು ಟ್ರಯಲ್ಸ್. ಸಂಭಾವ್ಯರ ಶಿಬಿರ ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲೇ ನಡೆಯುತ್ತದೆ. ಮೂವತ್ತು–ನಲವತ್ತು ಮಂದಿಯನ್ನು ತಂಡ ಮಾಡಿ ಆಡಿಸಿ, ಸೋಸುತ್ತ ಬರುತ್ತಾರೆ. ತಪ್ಪುವುದು ಎಲ್ಲಿ? ಟ್ರಯಲ್ಸ್ ಅಂದೊಡನೆ ಹುಡುಗರು ಚೆಂಡು ಬಿಡುವುದಿಲ್ಲ. ಎದುರಾಳಿಯನ್ನು ಏಮಾರಿಸಿ ದಾಟುವ ಡಾಡ್ಜ್ ಎರಡು ಹೊಡೆದರೆ ಆಯ್ಕೆಗಾರರ ಕಣ್ಣಿಗೆ ಬೀಳುತ್ತೇನೆ ಎಂಬ ಲೆಕ್ಕ, ಅದು ಸುಳ್ಳೂ ಅಲ್ಲ. ನೋಡುವವರ ಕಣ್ಣೂ ಚೆಂಡಿನ ಹಿಂದೆಯೇ ಓಡುತ್ತದೆ. ಒಬ್ಬ ಆಯ್ಕೆಗಾರ ಚೆಂಡಿಗೆ ಬೆನ್ನು ಮಾಡಿ ಒಬ್ಬ ಫಾರ್ವರ್ಡನ್ನು ಮಾತ್ರ ಹತ್ತು ನಿಮಿಷ ನೋಡಲಿ: ಚೆಂಡು ಕಳೆದುಕೊಂಡ ಮೇಲೆ ಸೊಂಟಕ್ಕೆ ಕೈ ಇಟ್ಟನೋ, ತಿರುಗಿ ಓಡಿದನೋ? ಆ ಹತ್ತು ನಿಮಿಷ ಎಷ್ಟೋ ಡಾಡ್ಜ್‌ಗಳಿಗಿಂತ ಹೆಚ್ಚು ಹೇಳುತ್ತದೆ. ದಮ್ಮು ಅಳೆಯುವ ಯೋ-ಯೋ ಪರೀಕ್ಷೆಯೂ ಹಾಗೆ. 20 ಮೀಟರ್ ಹೋಗಿ, 20 ಮೀಟರ್ ಬಂದು, 10 ಸೆಕೆಂಡ್ ಸುಧಾರಿಸಿಕೊಂಡು ಮತ್ತೆ ಓಡು. ಅದು ಬಾಗಿಲು ಕಾಯುವ ಪರೀಕ್ಷೆ, ರ‍್ಯಾಂಕ್ ಪಟ್ಟಿಯಲ್ಲ. ಪ್ಯಾರಿಸ್‌ನಲ್ಲಿ 13 ದಿನಕ್ಕೆ ಎಂಟು ಪಂದ್ಯ ಆಡಿದೆವು. ಆಗಸ್ಟ್ 1ಕ್ಕೆ ಬೆಲ್ಜಿಯಂ, ಮರುದಿನವೇ ಆಸ್ಟ್ರೇಲಿಯಾ. ಎರಡನೇ ದಿನದ ಕೊನೆಯ ಕ್ವಾರ್ಟರಿನಲ್ಲಿ ಯಾರ ಟ್ರ್ಯಾಪಿಂಗ್, ಅಂದರೆ ಬಂದ ಚೆಂಡು ನಿಲ್ಲಿಸುವುದು, ಕೆಡುವುದಿಲ್ಲ ಎಂಬುದನ್ನು ಶಿಬಿರದಲ್ಲಿ ಸತತ ಎರಡು ದಿನ ಆಡಿಸಿಯೇ ತಿಳಿಯಬೇಕು.

ಚೀಟಿ ಬಂದಿದೆ, ಐದು ನಿಮಿಷವಂತೆ. ಗಾಯದ ವಿಷಯ ಉದ್ದವಿತ್ತು, ಒಂದೇ ಮಾತಿನಲ್ಲಿ ಹೇಳುತ್ತೇನೆ. 2023ರ ಭುವನೇಶ್ವರ–ರೂರ್ಕೆಲಾ ವಿಶ್ವಕಪ್‌ನಲ್ಲಿ ಹಾರ್ದಿಕ್ ಸಿಂಗ್ ಗಾಯಗೊಂಡರು, ರಾಜ್‌ಕುಮಾರ್ ಪಾಲ್ ಬಂದರು. ಹೆಸರಿಗೆ ಹೆಸರು ಸಿಕ್ಕಿತು. ಹಿಂದಿನಿಂದ ಚೆಂಡು ಎತ್ತಿಕೊಂಡು ನಡುಗೆರೆ ದಾಟಿಸುವ ಹಾರ್ದಿಕ್ ಅವರ ಕೆಲಸಕ್ಕೆ ರಾತ್ರೋರಾತ್ರಿ ಇನ್ನೊಬ್ಬ ಸಿಗಲಿಲ್ಲ. ನ್ಯೂಜಿಲೆಂಡ್ ಮೇಲೆ 3–1 ಮುಂದಿದ್ದು 3–3 ಆಗಿ ಶೂಟೌಟ್‌ನಲ್ಲಿ ಸೋತೆವು.

ಕೊನೆಗೆ, ಇಲ್ಲಿ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ನಮ್ಮ ಹುಡುಗರು ಎಲ್ಲಿ? 2016ರ ರಿಯೊದಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ನಾಲ್ವರಿದ್ದರು. ಟೋಕಿಯೊ, ಪ್ಯಾರಿಸ್ ಎರಡು ಪಟ್ಟಿಯಲ್ಲೂ ಕರ್ನಾಟಕದ ಒಂದು ಹೆಸರೂ ಇಲ್ಲ. ಅನ್ಯಾಯ ಅನ್ನುವ ಮೊದಲು ನಮ್ಮ ಶಾಲೆಗಳ ಟೂರ್ನಿ ನೋಡಿ. ಹದಿನೈದರ ಹುಡುಗರಲ್ಲಿ ಡಾಡ್ಜ್ ಹೊಡೆಯುವವರು ಬೇಕಾದಷ್ಟು. ಪಿಸಿಯಲ್ಲಿ ಮೊದಲು ನುಗ್ಗು ಅಂದರೆ ಮಾಸ್ಕ್ ಕಟ್ಟಿಕೊಂಡು ಮುಂದೆ ಬರುವವನು ಒಬ್ಬ ಸಿಕ್ಕಿದರೆ ಪುಣ್ಯ. ಇಲ್ಲಿ ಕೂತಿರುವ ಕೋಚ್‌ಗಳೇ, ದಿನಕ್ಕೆ ನೂರು ಇಂಜೆಕ್ಷನ್ ತಳ್ಳುವ ಒಬ್ಬ ಫಾರ್ವರ್ಡನ್ನು ತಯಾರು ಮಾಡಿ. ಅವನ ಹೆಸರಿನ ಮುಂದೆ ಎರಡು ಟಿಕ್ ಬೀಳುತ್ತದೆ.

ಹೌದು, ಟಿಕ್. ಮುಂದಿನ ಪಟ್ಟಿ ಬಂದ ದಿನ ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಕೆಲಸ ಬರೆಯಿರಿ: ಫ್ಲಿಕ್, ಇಂಜೆಕ್ಷನ್, ಸ್ಟಾಪ್, ಮೊದಲ ರಷ್, ಏರಿಯಲ್ (ಎತ್ತಿ ಕಳಿಸುವ ಪಾಸ್), ಶೂಟೌಟ್, ಹೀಗೆ. ಮೇಲೆ ಅಡ್ಡಕ್ಕೆ ಹೆಸರು. ಟಿಕ್ ಹಾಕುತ್ತ ಹೋಗಿ. ಯಾವ ಸಾಲಿನಲ್ಲಿ ಒಂದೇ ಟಿಕ್ ಇದೆಯೋ ಅಲ್ಲಿ ಬೆರಳಿಟ್ಟು ಆಮೇಲೆ ಜಗಳ ತೆಗೆಯಿರಿ. ನಾನೂ ಸೇರಿಕೊಳ್ಳುತ್ತೇನೆ. ಗೋಲ್‌ಕೀಪರ್ ಒಬ್ಬರೋ ಇಬ್ಬರೋ ಎಂಬುದನ್ನು ಮುಟ್ಟಲೇ ಇಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಅದನ್ನೂ ಹೇಳುತ್ತೇನೆ. ಮೈಕ್ ಆ ಕಡೆ ಕೊಡಿ.