ಮೊದಲು ಮಾಸ್ಕ್, ಆಮೇಲೆ ಗನ್

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಪೆನ್ಸಿಲ್ವೇನಿಯಾದ ಒಂದು ಪೇಂಟ್‌ಬಾಲ್ ಮೈದಾನದಲ್ಲಿ ಶನಿವಾರ, ಭಾನುವಾರ ಕೆಲಸ ಮಾಡುತ್ತೇನೆ. ಪೇಂಟ್‌ಬಾಲ್ ಅಂದರೆ ಗನ್ನಿನಿಂದ ಬಣ್ಣ ತುಂಬಿದ ಪುಟ್ಟ ಬಾಲ್ ಹೊಡೆದು ಎದುರಾಳಿಯನ್ನು ಔಟ್ ಮಾಡುವ ಆಟ. ಬೆಳಿಗ್ಗೆ ಬಾಡಿಗೆ ಕೌಂಟರಿನಲ್ಲಿ ನಿಂತು ಕಣ್ಣು, ಮುಖ ಕಾಯುವ ಮಾಸ್ಕ್ ಕೊಡುವುದು, ಹತ್ತು ಗಂಟೆಯಾದ ಮೇಲೆ ಸೀಟಿ ಹಿಡಿದು ಮೈದಾನದೊಳಗೆ ರೆಫ್ರಿ. ಒಂಬತ್ತು ವರ್ಷ ಆಯಿತು. ನಮ್ಮ ಕಡೆಯ ಮಕ್ಕಳು ಯಾರೇ ಬಂದರೂ ನನ್ನನ್ನು ರೆಫ್ ಆಂಟಿ ಅಂತಲೇ ಕರೆಯುತ್ತಾರೆ.

ಈಗ ಇದನ್ನು ಯಾರು ಕೇಳುತ್ತಿದ್ದೀರಿ ಅಂತ ನನಗೆ ಗೊತ್ತು. ಮಗನನ್ನೋ ಮಗಳನ್ನೋ ಈಜು ಕ್ಲಾಸಿಗೆ ಬಿಟ್ಟು ಕಾರಿನಲ್ಲಿ ಕೂತಿದ್ದೀರಿ. ಹೋದ ತಿಂಗಳು ಕ್ಲಾಸಿನ ಯಾವುದೋ ಹುಡುಗನ ಬರ್ತ್‌ಡೇ ಪಾರ್ಟಿ ಪೇಂಟ್‌ಬಾಲ್ ಮೈದಾನದಲ್ಲಿ ಆಯಿತು, ಮಗು ಬಟ್ಟೆ ತುಂಬ ಬಣ್ಣ ಮಾಡಿಕೊಂಡು ಮನೆಗೆ ಬಂತು, ಅವತ್ತಿನಿಂದ ಒಂದೇ ಹಾಡು, ನನಗೆ ನನ್ನದೇ ಗನ್ ಬೇಕು. ನೀವು ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಹುಡುಕಿದ್ದೀರಿ. 100 ಡಾಲರಿಗೂ ಇದೆ, 1500ಕ್ಕೂ ಇದೆ. ತಲೆ ಕೆಟ್ಟು ಫೋನ್ ಕೆಳಗಿಟ್ಟಿದ್ದೀರಿ. ಅಲ್ವಾ?

ಹಾಗಾದರೆ ಇದೊಂದು ಮಾತು ಕೇಳಿ. ಮೊದಲು ಮಾಸ್ಕ್ ಕೊಳ್ಳಿ, ಆಮೇಲೆ ಗನ್. ನಿಮ್ಮ ಹತ್ತಿರ 60 ಡಾಲರ್ ಮಾತ್ರ ಇದ್ದರೆ 60 ಡಾಲರಿಗೂ ಮಾಸ್ಕೇ ಕೊಳ್ಳಿ. ಗನ್ ಮೈದಾನದಲ್ಲಿ ಬಾಡಿಗೆಗೆ ಸಿಗುತ್ತದೆ. ಕಣ್ಣು ಬಾಡಿಗೆಗೆ ಸಿಗುವುದಿಲ್ಲ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತೇನೆ ಅಂದರೆ, ಈ ಬಾಲ್ ಎಷ್ಟು ದಪ್ಪ ಇದೆ ನೋಡಿ. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಗೋಲಿಯಷ್ಟು. 0.68 ಇಂಚು, ಅಂದರೆ 17 ಮಿಲಿಮೀಟರ್ ಚಿಲ್ಲರೆ. ತೂಕ ಸುಮಾರು 3 ಗ್ರಾಂ. ಮೇಲೆ ಜೆಲಟಿನ್ ಸಿಪ್ಪೆ, ಒಳಗೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ. ಕೈಯಲ್ಲಿ ಹಿಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಗನ್ನಿನಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ 280 ಅಡಿ ಆಸುಪಾಸು, 300 ದಾಟಬಾರದು ಅಂತ ಮೈದಾನದಲ್ಲಿ ಅಳೆದೇ ಒಳಗೆ ಬಿಡುತ್ತೇವೆ. ನಮಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳಿದರೆ ಗಂಟೆಗೆ 300 ಕಿಲೋಮೀಟರ್. ಶೋಯೆಬ್ ಅಖ್ತರ್ 2003ರ ವಿಶ್ವಕಪ್‌ನಲ್ಲಿ ಎಸೆದ ಆ ಬಾಲ್ ಇದೆಯಲ್ಲ, ಅದು 161.3. ಇದು ಹೆಚ್ಚುಕಡಿಮೆ ಅದರ ಎರಡರಷ್ಟು.

ಕ್ರಿಕೆಟ್ ಬಾಲ್ ದೊಡ್ಡದು. ಮುಖಕ್ಕೆ ಬಿದ್ದರೆ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಬಹಳಷ್ಟು ಪೆಟ್ಟನ್ನು ತಾವೇ ತಿನ್ನುತ್ತವೆ. ಗೋಲಿ ಗಾತ್ರದ ಬಾಲ್‌ಗೆ ಆ ಅಡ್ಡಿಯೇ ಇಲ್ಲ. ಕಣ್ಣಿನ ಗುಳಿ ಅದಕ್ಕಿಂತ ಅಗಲ. ಕಾರು ನಿಂತಿದ್ದರೆ ಈಗಲೇ ಹೆಬ್ಬೆರಳು ತೋರುಬೆರಳು ಸೇರಿಸಿ ಗೋಲಿಯಷ್ಟು ಉಂಗುರ ಮಾಡಿ ಕಣ್ಣಿನ ಮುಂದೆ ಹಿಡಿದು ನೋಡಿ. ಎಷ್ಟು ಸಲೀಸಾಗಿ ಒಳಗೆ ಕೂರುತ್ತದೆ! ಮೈ ಮೇಲೆ ಬಿದ್ದರೆ ಬಾಸುಂಡೆ, ವಾರದಲ್ಲಿ ಹೋಗುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು.

ಈ ಆಟ ಹುಟ್ಟಿದ್ದು ಇದೇ ದೇಶದಲ್ಲಿ, ನ್ಯೂ ಹ್ಯಾಂಪ್‌ಷೈರ್‌ನ ಹೆನಿಕರ್ ಅನ್ನುವ ಊರಿನ ಕಾಡಿನಲ್ಲಿ, 1981ರ ಜೂನ್ 27ರಂದು. ಹನ್ನೆರಡು ಜನ ಆಡಿದರು. ಅವರ ಕೈಯಲ್ಲಿದ್ದದ್ದು ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕುವ ನೆಲ್‌ಸ್ಪಾಟ್ 007 ಅನ್ನುವ ಪಿಸ್ತೂಲು. ಕಾಡೆಲ್ಲ ಹುಡುಕಿ ಬಾವುಟಗಳನ್ನು ತರಬೇಕಿತ್ತು. ಗೆದ್ದವನು ಕಾಡಿನ ಕೆಲಸ ಗೊತ್ತಿದ್ದ ಒಬ್ಬ ಮನುಷ್ಯ, ಒಂದೇ ಒಂದು ಬಾಲ್ ಹಾರಿಸದೆ ಗೆದ್ದ. ಮೊಟ್ಟಮೊದಲ ಆಟವನ್ನೇ ಗನ್ ಗೆಲ್ಲಿಸಲಿಲ್ಲ, ಕಣ್ಣು ಕಾಲು ಗೆಲ್ಲಿಸಿದವು. ನಿಮ್ಮ ಮಗನಿಗೆ ಈ ಕಥೆ ಹೇಳಿ.

ಈಗ ನಾನೇ ಕಂಡದ್ದು ಹೇಳುತ್ತೇನೆ. ಮೂರು ವರ್ಷದ ಹಿಂದೆ, ಅಕ್ಟೋಬರ್ ತಿಂಗಳು, ಒಳ್ಳೆ ಚಳಿ. ಬೆಳಿಗ್ಗೆ ಕೌಂಟರಿಗೆ ಒಂದು ಸಂಸಾರ ಬಂತು. ಅಪ್ಪ, ಅಮ್ಮ, ಹನ್ನೆರಡು ವರ್ಷದ ಹುಡುಗ. ಹುಡುಗನಿಗೆ ದಪ್ಪ ಕನ್ನಡಕ. ಅಮ್ಮ ಅವನಿಗೆ "ಸ್ವೆಟರ್ ತೆಗೀಬೇಡ ಕಣೋ" ಅಂದಿದ್ದು ಕೇಳಿ ನಾನು ಕನ್ನಡದಲ್ಲೇ ಮಾತಾಡಿಸಿದೆ. ಎಲ್ಲರಿಗೂ ಖುಷಿ. ಅಪ್ಪ ದೊಡ್ಡ ಚೀಲದಿಂದ ಗನ್ ತೆಗೆದು ತೋರಿಸಿದರು. ಹೊಚ್ಚ ಹೊಸದು, ನೀಲಿ ಬಣ್ಣ, ಬ್ಯಾಟರಿ ಹಾಕುವಂಥದ್ದು, 400 ಡಾಲರ್. ಮಾಸ್ಕ್ ಮಾತ್ರ 20 ಡಾಲರಿಂದು, ಒಂದೇ ಪದರದ ಲೆನ್ಸು. ಕೈಯಲ್ಲಿ ತಿರುಗಿಸಿ ನೋಡಿದೆ. ಪೇಂಟ್‌ಬಾಲ್‌ದೇ ಮಾಸ್ಕು, ಸುರಕ್ಷತೆಯ ಗುರುತು ಇತ್ತು, ಹಾಗಾಗಿ ಬೇಡ ಅನ್ನಲು ನನಗೆ ಅಧಿಕಾರ ಇರಲಿಲ್ಲ. "ಕನ್ನಡಕದ ಮೇಲೆ ಇದು ಹಬೆ ಕಟ್ಟುತ್ತೆ ಸರ್, ನಮ್ಮದೊಂದು ಒಳ್ಳೆಯದು ಬಾಡಿಗೆಗೆ ತಗೊಳ್ಳಿ" ಅಂದೆ. "ಪರವಾಗಿಲ್ಲ ಮೇಡಂ, ಗನ್ ಚೆನ್ನಾಗಿರೋದೇ ಕೊಡಿಸಿದೀನಿ. ಮಾಸ್ಕ್ ಏನು, ಪ್ಲಾಸ್ಟಿಕ್ ತಾನೇ" ಅಂದರು.

ಎರಡನೇ ಆಟ. ಮರಗಳ ನಡುವೆ ಹಳೇ ಡ್ರಮ್ಮುಗಳನ್ನು ನಿಲ್ಲಿಸಿದ್ದೇವೆ, ಅದರ ಹಿಂದೆ ಹುಡುಗ ಕುಕ್ಕರಗಾಲಲ್ಲಿ ಕೂತಿದ್ದ. ಓಡಿ ಓಡಿ ಮೈ ಬಿಸಿಯಾಗಿದೆ, ಹೊರಗೆ ಚಳಿ, ಬಾಯಿ ತೆರೆದು ಉಸಿರಾಡುತ್ತಿದ್ದಾನೆ. ಕುಕ್ಕರ್ ಮುಚ್ಚಳ ತೆಗೆದಾಗ ಕನ್ನಡಕ ಬೆಳ್ಳಗಾಗುತ್ತಲ್ಲ, ಹಾಗೆ ಆಗಿತ್ತು. ಕನ್ನಡಕವೂ ಬಿಳಿ, ಲೆನ್ಸೂ ಬಿಳಿ. ನನಗೆ ಅವನ ಕಣ್ಣೇ ಕಾಣುತ್ತಿರಲಿಲ್ಲ, ಇನ್ನು ಅವನಿಗೆ ಏನು ಕಂಡೀತು. ಲೆನ್ಸನ್ನು ಹೊರಗಿನಿಂದ ಕೈಗವಸಿನಲ್ಲಿ ಒರೆಸಿದ. ಹಬೆ ಇದ್ದದ್ದು ಒಳಗೆ. ಆಮೇಲೆ ಅವನ ಹೆಬ್ಬೆರಳು ಗಲ್ಲದ ಹತ್ತಿರ ಮಾಸ್ಕಿನೊಳಗೆ ಹೋಯಿತು. ನಾನು ಸೀಟಿ ಊದಿದೆ, ಮಾಸ್ಕ್ ಮಾಸ್ಕ್ ಅಂತ ಕಿರುಚಿದೆ, ಓಡಿದೆ. ಹದಿನೈದು ಹೆಜ್ಜೆ ಇರಬಹುದು. ಅಷ್ಟರಲ್ಲಿ ಅವನು ಮಾಸ್ಕನ್ನು ಹಣೆಗೆ ಏರಿಸಿ, ಕನ್ನಡಕ ತೆಗೆದು ಅಂಗಿ ಚುಂಗು ಹುಡುಕುತ್ತಿದ್ದ. ನಾನು ಹೋದವಳೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಎಡಗೈಯನ್ನು ಅವನ ಕಣ್ಣಿನ ಮೇಲೆ ಮುಚ್ಚಿದೆ. ಮುಚ್ಚಿ ಒಂದು ಉಸಿರು ಎಳೆದುಕೊಂಡಿಲ್ಲ, ಟಪ್ ಅಂತ ಒಂದು ಬಾಲ್ ಅದೇ ಕೈಯ ಮೇಲೆ ಒಡೆಯಿತು.

ಹೊಡೆದವನು ಕಾಲೇಜು ಹುಡುಗ, ಅವನದ್ದೇನೂ ತಪ್ಪಿಲ್ಲ, ಸೀಟಿ ಕೇಳುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು. ಪಾಪ, ಓಡಿ ಬಂದು ನಿಂತವನ ಕೈ ನಡುಗುತ್ತಿತ್ತು. ನಮ್ಮ ಹುಡುಗ ನನ್ನ ಬೆರಳ ಸಂದಿಯಿಂದ ಕೇಳಿದ, "ಆಂಟಿ, ನಾನು ಔಟಾ?"

ಹೊರಗೆ ಬಂದ ಮೇಲೆ ಅವರಮ್ಮ ಐಸ್ ಪೆಟ್ಟಿಗೆಯಿಂದ ಐಸ್ ತೆಗೆದು ನನ್ನ ಕೈಗೆ ಒತ್ತಿ ಹಿಡಿದರು, ಒಂದು ಮಾತೂ ಆಡಲಿಲ್ಲ. ಕೈ ಮೇಲೆ ಬಳೆ ಒತ್ತಿದ ಹಾಗೆ ದುಂಡಗೆ ಗುರುತು, ನಡುವೆ ಬಿಳಿ, ಸುತ್ತ ನೇರಳೆ. ಆಮೇಲೆ ಹಸಿರಾಯಿತು, ಆಮೇಲೆ ಅರಿಶಿನ. ಹನ್ನೊಂದು ದಿನ ಇತ್ತು. ದಿನಾ ಪಾತ್ರೆ ತೊಳೆಯುವಾಗ ನೋಡುತ್ತಿದ್ದೆ. ಇದು ಆ ಮಗುವಿನ ಎಡಗಣ್ಣಿನ ಜಾಗ ಅಂತ ಅನ್ನಿಸುತ್ತಿತ್ತು.

ಮಧ್ಯಾಹ್ನ ಅವನಿಗೆ ನನ್ನದೇ ಎರಡು ಪದರದ ಮಾಸ್ಕ್ ಹಾಕಿ ಕಳಿಸಿದೆ. ಅದೇ ಚಳಿ, ಅದೇ ಕನ್ನಡಕ, ಅದೇ ಓಟ. ನಾಲ್ಕು ಗಂಟೆಯವರೆಗೆ ಆಡಿದ. ಒಂದು ಸಲವೂ ಕೈ ಮುಖಕ್ಕೆ ಹೋಗಲಿಲ್ಲ. ವ್ಯತ್ಯಾಸ 35 ಡಾಲರ್!

ಆದ್ದರಿಂದ ಮಾಸ್ಕ್ ಕೊಳ್ಳುವಾಗ ಇದನ್ನು ನೋಡಿ. ಥರ್ಮಲ್ ಲೆನ್ಸ್ ಅಂತ ಕೇಳಿ ಪಡೆಯಿರಿ. ಎರಡು ಪದರ, ನಡುವೆ ಗಾಳಿ, ಅದಕ್ಕೇ ಬೇಗ ಹಬೆ ಕಟ್ಟುವುದಿಲ್ಲ. 50, 60 ಡಾಲರಿಗೆ ಒಳ್ಳೆಯದೇ ಬರುತ್ತದೆ. ಎಎಸ್‌ಟಿಎಂ ಎಫ್ 1776 ಅನ್ನುವ, ಪೇಂಟ್‌ಬಾಲ್ ಮಾಸ್ಕಿನ ಸುರಕ್ಷತೆಯ ಗುರುತು ಇರಲೇಬೇಕು. ಕಿವಿ, ಗಲ್ಲ ಎಲ್ಲ ಮುಚ್ಚಬೇಕು. ಹಿಮದ ಮೇಲೆ ಜಾರುವವರ ಗಾಗಲ್ಸ್ ಬೇಡ, ಶಾಲೆಯ ಕೆಮಿಸ್ಟ್ರಿ ಲ್ಯಾಬಿನ ಗಾಗಲ್ಸ್ ಬೇಡ, ಜಾಲರಿಯ ಮಾಸ್ಕ್ ಬೇಡ, ಬಾಲ್ ಒಡೆದರೆ ಸಿಪ್ಪೆ ಬಣ್ಣ ಎರಡೂ ಜಾಲರಿಯಿಂದ ಒಳಗೆ ಬರುತ್ತವೆ. ಮನೆಯಲ್ಲಿ ಕ್ರಿಕೆಟ್ ಹೆಲ್ಮೆಟ್ ಇದೆಯಲ್ಲ ಅಂತ ಒಬ್ಬರು ಕೇಳಿದರು. ಗ್ರಿಲ್ಲಿನ ಸಂದಿ ಎಷ್ಟಿದೆ ನೋಡಿ ಸ್ವಾಮಿ, ಗೋಲಿ ತೂರದೆ ಇರುತ್ತದೆಯೇ?

ಮಾಸ್ಕ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಲೆನ್ಸಿನ ಸೀಳು ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಲೆನ್ಸ್ ಬದಲಿಸಿ, ಹತ್ತಿರದಿಂದ ಜೋರಾಗಿ ಪೆಟ್ಟು ಬಿದ್ದರೆ ಅವತ್ತೇ ಬದಲಿಸಿ. ಮೆತ್ತನೆ ಬಟ್ಟೆ, ಸ್ವಲ್ಪ ನೀರು, ಅಷ್ಟರಲ್ಲೇ ಒರೆಸಿ. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಹಾಕಬೇಡಿ. ಥರ್ಮಲ್ ಲೆನ್ಸನ್ನು ನಲ್ಲಿ ಕೆಳಗೆ ಹಿಡಿಯಲೂಬೇಡಿ, ಪದರಗಳ ನಡುವೆ ನೀರು ಹೋದರೆ ಕಥೆ ಮುಗಿಯಿತು.

ಗಡಿಯಾರ ಓಡುತ್ತಿದೆ, ಗನ್ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲ ಮೂರು ನಾಲ್ಕು ಸಲ ಬಾಡಿಗೆ ಗನ್ನಿನಲ್ಲೇ ಆಡಲಿ. ಅಷ್ಟಾದ ಮೇಲೂ ಆಸೆ ಇದ್ದರೆ ಬ್ಯಾಟರಿ ಇಲ್ಲದ ಸರಳವಾದ ಗನ್ ಕೊಡಿಸಿ, ಟಿಪ್‌ಮನ್ 98 ಕಸ್ಟಮ್ ಥರದ್ದು. ಕೆಸರು ಬಿದ್ದರೂ ಓಡುತ್ತದೆ, ಸ್ಕ್ರೂ ಬಿಚ್ಚಿ ತೊಳೆದು ಎಣ್ಣೆ ಬಿಡುವುದನ್ನು ಹುಡುಗರೇ ಕಲಿಯುತ್ತಾರೆ. ಗನ್ ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಕೊಳ್ಳುವ ಮುಂಚೆ ಗಾಳಿ ತುಂಬಿಸಿ ಹತ್ತು ಸಲ ಹಾರಿಸಿ ನೋಡಿ, ಎಲ್ಲಾದರೂ ಸುಸ್ ಅಂತ ಸದ್ದು ಬಂದರೆ ಬೇಡ ಅನ್ನಿ. ಬಾಲ್ ತುಂಬುವ ಹಾಪರ್ ಬ್ಯಾಟರಿದು ಬೇಡ, 10 ಡಾಲರಿನ ಪ್ಲಾಸ್ಟಿಕ್ ಡಬ್ಬಿ ಸಾಕು.

ಗನ್ನಿಗೆ ಜೋಡಿಸುವ, ಬಾಲ್ ಹಾರಿಸಲು ಒತ್ತಡ ಕೊಡುವ ಟ್ಯಾಂಕಿನ ವಿಷಯದಲ್ಲಿ ಹುಷಾರು. ಕಾರ್ಬನ್ ಡೈಆಕ್ಸೈಡ್ ಚಳಿಯಲ್ಲಿ ಸರಿಯಾಗಿ ಒತ್ತಡ ಕೊಡುವುದಿಲ್ಲ, ಒತ್ತಿ ತುಂಬಿದ ಬರೀ ಗಾಳಿಯ ಟ್ಯಾಂಕೇ ತೆಗೆದುಕೊಳ್ಳಿ. ಟ್ಯಾಂಕಿನ ಮೇಲೆ ತಾರೀಖು ಇರುತ್ತದೆ. ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿಸಬೇಕು. ತಾರೀಖು ಮುಗಿದಿದ್ದರೆ ಮೈದಾನದಲ್ಲಿ ನಾವು ಗಾಳಿ ತುಂಬುವುದಿಲ್ಲ. 15 ಡಾಲರಿಗೆ ಸಿಕ್ಕಿತು ಅಂತ ಹಳೇ ಟ್ಯಾಂಕ್ ತಂದು ಕೌಂಟರಿನಲ್ಲಿ ನಿಂತು ನನ್ನ ಹತ್ತಿರ ವಾದ ಮಾಡಬೇಡಿ, ದಯವಿಟ್ಟು.

ಮೈಗೆ ಹೊಸದೇನೂ ಕೊಳ್ಳಬೇಕಿಲ್ಲ. ಹಳೇ ದಪ್ಪ ಸ್ವೆಟ್‌ಶರ್ಟ್, ಉದ್ದ ಪ್ಯಾಂಟು, ತೋಟದ ಕೆಲಸದ ಕೈಗವಸು, ಫುಟ್‌ಬಾಲ್ ಬೂಟು. ಕುತ್ತಿಗೆಗೆ ಒಂದು ಮಫ್ಲರ್ ಸುತ್ತಿ, ಅಲ್ಲಿ ಬಿದ್ದರೆ ಬಹಳ ಉರಿಯುತ್ತದೆ. ಗಂಡು ಮಕ್ಕಳಿಗೆ ಕ್ರಿಕೆಟ್ಟಿನ ಗಾರ್ಡ್ ಹಾಕಿಸಿ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ತೀರಾ ಚಿಕ್ಕ ಮಕ್ಕಳಿಗಾದರೆ ಅರ್ಧ ಇಂಚಿನ ಸಣ್ಣ ಬಾಲ್ ಆಟ ಇರುವ ಮೈದಾನ ಹುಡುಕಿ, ಪೆಟ್ಟು ಕಡಿಮೆ. ಮಾಸ್ಕ್ ಅಲ್ಲೂ ಅದೇ.

ಖರ್ಚು ಎಲ್ಲಿ ಹೋಗುತ್ತದೆ ಅಂದರೆ ಬಾಲ್‌ನಲ್ಲಿ. ಎಷ್ಟೋ ಮೈದಾನಗಳಲ್ಲಿ ಅಲ್ಲಿಯೇ ಕೊಂಡ ಬಾಲ್ ಮಾತ್ರ ಹಾರಿಸಬೇಕು, ಫೋನ್ ಮಾಡಿ ಮೊದಲೇ ಕೇಳಿ. ಉಳಿದದ್ದನ್ನು ಗರಾಜಿನಲ್ಲಿ ಇಟ್ಟರೆ ಉಬ್ಬಿ ಹಾಳಾಗುತ್ತದೆ. ಮನೆಯಲ್ಲಿ ನಾಯಿ ಇದ್ದರಂತೂ ಮೇಲೆತ್ತಿ ಇಡಿ, ತಿಂದರೆ ನಾಯಿಗೆ ಜೀವಕ್ಕೇ ಅಪಾಯ. ಜೆಲಟಿನ್ ಪ್ರಾಣಿಯಿಂದ ಬರುವುದು, ಮನೆಯಲ್ಲಿ ಮಡಿ ಮಾಡುವ ಹಿರಿಯರಿದ್ದರೆ ಅವರಿಗೂ ಹೇಳಿಬಿಡಿ.

ರಜೆಗೆ ಬೆಂಗಳೂರಿಗೆ ಹೋದಾಗ ಮಕ್ಕಳು ಅಲ್ಲೂ ಆಡುತ್ತಾರೆ. ಗನ್ ಅಲ್ಲಿಯವರೇ ಕೊಡುತ್ತಾರೆ. ನಿಮ್ಮ ಮಾಸ್ಕ್ ಸೂಟ್‌ಕೇಸಿಗೆ ಹಾಕಿಕೊಳ್ಳಿ.

ಎದುರಿಗೆ ಕೂತಿರುವ ಹುಡುಗಿ ಒಂದು ನಿಮಿಷ ಅಂತ ಬೆರಳು ತೋರಿಸುತ್ತಿದ್ದಾಳೆ. ಬ್ಯಾರೆಲ್ ಕವರ್ ಮರೆಯಬೇಡಿ, ಗನ್ನಿನ ಬಾಯಿಗೆ ಹಾಕುವ ಬಟ್ಟೆಯ ಚೀಲ ಅದು, ಮೈದಾನದಿಂದ ಹೊರಗೆ ಬಂದ ಕೂಡಲೇ ಹಾಕಬೇಕು. ಕಾರಿನಲ್ಲಿ ಗನ್ ಚೀಲದೊಳಗೇ ಇರಲಿ, ರಸ್ತೆಯಲ್ಲಿ ಯಾರಿಗೂ ತೋರಿಸುವುದು ಬೇಡ.

ಮತ್ತೆ, ಮಾಸ್ಕ್ ಕೊಳ್ಳಲು ಮಗುವನ್ನು ಕರೆದುಕೊಂಡೇ ಹೋಗಿ. ಕನ್ನಡಕ ಹಾಕಿಸಿ, ಅದರ ಮೇಲೆ ಮಾಸ್ಕ್ ಹಾಕಿಸಿ, ಪಟ್ಟಿ ಬಿಗಿ ಮಾಡಿ. ಬಗ್ಗಲಿ, ತಲೆ ಕೊಡವಲಿ, ಅಂಗಡಿಯೊಳಗೇ ಐದು ನಿಮಿಷ ಜೋರಾಗಿ ಓಡಾಡಲಿ, ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ. ಕನ್ನಡಕದ ಕಾಲು ಕಿವಿಯ ಮೇಲೆ ಒತ್ತಿದರೆ ಬೇರೆ ಮಾಡೆಲ್ ಕೇಳಿ. ಒತ್ತದಿದ್ದರೆ ಅದೇ ನಿಮ್ಮ ಮಾಸ್ಕು, ಬಿಲ್ ಮಾಡಿಸಿ. ನಮಸ್ಕಾರ.