ಅಮೆರಿಕದ ಮಾಪನಿ ಟರ್ಕಿಯ ಶಿಶುವಿಹಾರಕ್ಕೆ ಹೊಂದುವುದು ಹೇಗೆ?

(ತೆರೆಯ ಮೇಲೆ: ಶಿಶುವಿಹಾರದ ತರಗತಿ, ಶಿಕ್ಷಕಿಯ ಕೈಯಲ್ಲಿ ಒಂದು ನಮೂನೆ)

ನಮಸ್ಕಾರ. ನಾಲ್ಕೈದು ವರ್ಷದ ಮಗುವನ್ನು ಲಿಖಿತ ಪರೀಕ್ಷೆಗೆ ಕೂರಿಸಲಾಗದು. ಆದ್ದರಿಂದಲೇ, ಮಗುವನ್ನು ತಿಂಗಳುಗಟ್ಟಲೆ ಹತ್ತಿರದಿಂದ ಕಂಡಿರುವ ಶಿಕ್ಷಕರು ಒಂದೊಂದು ಹೇಳಿಕೆಗೂ ಅಂಕ ಗುರುತಿಸುವ ಮಾಪನಿಗಳು ಬಳಕೆಗೆ ಬಂದವು. 2014ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ‘ಟೀಚರ್ ರೇಟಿಂಗ್ ಸ್ಕೇಲ್ಸ್ ಆಫ್ ಅರ್ಲಿ ಅಕಾಡೆಮಿಕ್ ಕಾಂಪಿಟೆನ್ಸ್’ ಅಂಥದ್ದೊಂದು. ಅದು ಓದು, ಎಣಿಕೆಗಳ ಆರಂಭಿಕ ಕೌಶಲಗಳನ್ನಲ್ಲದೆ, ಕಲಿಕೆಗೆ ಒತ್ತಾಸೆಯಾಗುವ ವರ್ತನೆಗಳನ್ನೂ ಗಮನಿಸುತ್ತದೆ. ಇಂಥ ಮಾಪನಿಯನ್ನು ಟರ್ಕಿಶ್ ಭಾಷೆಗೆ ಅಳವಡಿಸುವಾಗ ಏನೇನು ನೋಡಬೇಕು?

ಎರಡೂ ಭಾಷೆ ಬಲ್ಲವರು ಅನುವಾದಿಸುತ್ತಾರೆ, ಮೂಲವನ್ನು ಕಾಣದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ, ತಜ್ಞರು ಎರಡನ್ನೂ ಹೋಲಿಸುತ್ತಾರೆ. ಕಷ್ಟ ಶುರುವಾಗುವುದು ಇದರ ನಂತರ.

(ತೆರೆಯ ಮೇಲೆ: 11, 12, 19)

‘ಮಗು ಇಪ್ಪತ್ತರವರೆಗೆ ಎಣಿಸುತ್ತದೆ’ ಎಂಬಂಥ ಹೇಳಿಕೆಯನ್ನು ತೆಗೆದುಕೊಳ್ಳೋಣ. ಇಂಗ್ಲಿಷ್ ಮಗು ‘ಇಲೆವೆನ್’, ‘ಟ್ವೆಲ್ವ್’ಗಳನ್ನು ಬೇರೆಯಾಗಿಯೇ ಬಾಯಿಪಾಠ ಮಾಡಬೇಕು, ಟರ್ಕಿಶ್‌ನಲ್ಲಾದರೆ ಹತ್ತಕ್ಕೆ ‘ಒನ್’, ಒಂದಕ್ಕೆ ‘ಬಿರ್’, ಹನ್ನೊಂದಕ್ಕೆ ‘ಒನ್ ಬಿರ್’, ಹತ್ತೊಂಬತ್ತರವರೆಗೂ ಇದೇ ಕ್ರಮ. ಅನುವಾದದಲ್ಲಿ ಯಾವ ದೋಷವಿಲ್ಲದಿದ್ದರೂ ಮಗುವಿನ ಮೇಲೆ ಬೀಳುವ ಹೊರೆ ಬದಲಾಗಿದೆ.

ಅಕ್ಷರಗಳ ವಿಷಯ ಇನ್ನೂ ಸೂಕ್ಷ್ಮ. 1928ರಲ್ಲಿ ಬಂದ ಟರ್ಕಿಶ್ ಲಿಪಿಯಲ್ಲಿ 29 ಅಕ್ಷರಗಳಿದ್ದು, ಬರಹಕ್ಕೂ ಉಚ್ಚಾರಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ಅಲ್ಲಿನ ಶಿಕ್ಷಣ ಸಚಿವಾಲಯದ 2013ರ ಶಾಲಾಪೂರ್ವ ಪಠ್ಯಕ್ರಮವು ಧ್ವನಿಗಳನ್ನು ಗುರುತಿಸುವ ಚಟುವಟಿಕೆಗಳಿಗೆ ಒತ್ತು ಕೊಟ್ಟು, ಅಕ್ಷರ ತೋರಿಸಿ ಬರೆಯಿಸುವುದನ್ನು ಹೊರಗಿಟ್ಟಿತು. ಹಾಗಿರುವಾಗ ‘ಅಕ್ಷರಗಳನ್ನು ಹೆಸರಿಸುತ್ತದೆ’ ಎಂಬ ಹೇಳಿಕೆಯ ಮುಂದೆ ಶಿಕ್ಷಕಿ ಏನನ್ನು ಗುರುತಿಸಬೇಕು? ತರಗತಿಯಲ್ಲಿ ಅವಕಾಶವೇ ಸಿಗದ ಕೆಲಸಕ್ಕೆ ಮಗುವಿಗೆ ಕಡಿಮೆ ಅಂಕ ಬೀಳುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಪದದ ಮೊದಲ ಧ್ವನಿಯನ್ನು ಗುರುತಿಸುವ ಹೇಳಿಕೆಯನ್ನು ಅಲ್ಲಿ ಇಡಬಹುದು. ಆಗ ಆ ಅಂಶದಲ್ಲಿ ಎರಡು ದೇಶಗಳ ಮಕ್ಕಳನ್ನು ಹೋಲಿಸಲಾಗದು ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

(ತೆರೆಯ ಮೇಲೆ: ಒಂದೇ ಕೈಬರಹದಲ್ಲಿ ತುಂಬಿದ ನಮೂನೆಗಳ ಕಟ್ಟು)

ಮುಂದಿನದು ಅಂಕಿಅಂಶಗಳ ಕೆಲಸ. ಹೇಳಿಕೆಗಳು ಮೂಲದಂತೆಯೇ, ಅಂದರೆ ಓದಿನವು ಒಂದೆಡೆ, ಎಣಿಕೆಯವು ಇನ್ನೊಂದೆಡೆ ಎಂಬಂತೆ, ಗುಂಪುಗೂಡುತ್ತವೆಯೇ ಎಂಬುದನ್ನು ಅಂಶ ವಿಶ್ಲೇಷಣೆ ಎಂಬ ಲೆಕ್ಕಾಚಾರ ತೋರಿಸುತ್ತದೆ. ಕ್ರೋನ್‌ಬಾಕ್ ಆಲ್ಫಾ ಎಂಬ ವಿಶ್ವಾಸಾರ್ಹತೆಯ ಸೂಚ್ಯಂಕ 0.70 ದಾಟಿದರೆ ಸಾಕೆಂಬ ರೂಢಿಯಿದೆ. ಆದರೆ ಆ ಸಂಖ್ಯೆ ಹೇಳುವುದು ಹೇಳಿಕೆಗಳ ನಡುವಿನ ಹೊಂದಾಣಿಕೆಯನ್ನೇ ಹೊರತು, ಅಳೆದದ್ದು ಮಗುವಿನ ಕೌಶಲವೇ ಎಂಬುದನ್ನಲ್ಲ. ಒಬ್ಬ ಶಿಕ್ಷಕಿಯೇ ಇಡೀ ತರಗತಿಗೆ ಅಂಕ ಹಾಕುವುದರಿಂದ, ಅವರ ಕೈ ಬಿಗಿಯಿದ್ದರೆ ಎಲ್ಲ ಮಕ್ಕಳ ಅಂಕಗಳೂ ಒಟ್ಟಿಗೆ ಇಳಿಯುತ್ತವೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಶ್ಲೇಷಣೆಯನ್ನು ನಂಬುವುದು ಕಷ್ಟ. ಕೆಲವು ಮಕ್ಕಳನ್ನಾದರೂ ನೇರವಾಗಿ ಪರೀಕ್ಷಿಸಿ, ಆ ಫಲಿತಾಂಶವನ್ನು ಶಿಕ್ಷಕಿಯ ಅಂಕದೊಡನೆ ಹೋಲಿಸಬೇಕು.

ಟರ್ಕಿಯಲ್ಲಿ 69 ತಿಂಗಳು ತುಂಬಿದ ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಲಾಗುತ್ತದೆ; 66ರಿಂದ 68 ತಿಂಗಳಿನ ಮಗುವನ್ನು ಪೋಷಕರು ಲಿಖಿತವಾಗಿ ಕೋರಿ ಸೇರಿಸಬಹುದು. ಅಂಥ ನಿರ್ಧಾರದ ಹೊತ್ತಿನಲ್ಲಿ ಈ ಅಂಕಗಳು ಪೋಷಕರ ಮುಂದೆ ಬರುವುದಾದರೆ, ಟರ್ಕಿಯ ಮಕ್ಕಳಿಂದಲೇ, ತಿಂಗಳುವಾರು ವಯಸ್ಸಿಗೆ ತಕ್ಕಂತೆ ಪಡೆದ ಸರಾಸರಿಗಳು ಅದಕ್ಕೂ ಮೊದಲೇ ಸಿದ್ಧವಿರಬೇಕು.